ಶಿವಯೋಗೆಪ್ಪನ ಜಪಾನಿ ಓದು

ಎರಡನೆಯ ಮಹಾಯುದ್ಧವನ್ನು ತಿಕೋಟಾದ ಕಡೆಯಿಂದ ನಡೆಸುತ್ತಿದ್ದವನು ಎಲೆ-ಅಡಿಕೆ ಅಂಗಡಿಯ ಶಿವಯೋಗೆಪ್ಪ. ಸಂಜೆಯ ಬಸ್ಸಿನಲ್ಲಿ ವಿಜಾಪುರದಿಂದ ಬರುತ್ತಿದ್ದ ಒಂದೇ ಒಂದು ಪತ್ರಿಕೆಯನ್ನು ಬುಡ್ಡೇಸಾಬನ ಚಹಾದಂಗಡಿಯ ಬಾಕಿನ ಮೇಲೆ ಕುಳಿತು ಗಟ್ಟಿಯಾಗಿ ಓದುವುದು ಅವನ ಹಕ್ಕಾಗಿತ್ತು. ಓದುವುದಕ್ಕಿಂತ ಓದಿದ ಮೇಲೆ ಹೇಳುವುದು ಹೆಚ್ಚು. ಜರ್ಮನಿಯವರು ರಶಿಯಾದಲ್ಲಿ ಎಲ್ಲಿ ತಪ್ಪಿದರು, ಇಂಗ್ಲಿಷರ ಹಡಗು ಯಾವ ಕಡೆ ತಿರುಗಬೇಕಿತ್ತು, ಇದೆಲ್ಲ ಅವನಿಗೆ ಅಂಗೈ ಮೇಲಿನ ಗೆರೆ. ಸಮುದ್ರವನ್ನು ಅವನು ನೋಡಿರಲಿಲ್ಲ. ತೊರವಿಯ ಆಚೆ ವಿಜಾಪುರ, ವಿಜಾಪುರದ ಆಚೆ ಹೆಂಡತಿಯ ತವರು, ಅಲ್ಲಿಗೆ ಅವನ ಭೂಗೋಳ ಮುಗಿಯುತ್ತಿತ್ತು. ಆದರೂ ಊರಿನವರು ಬಾಯಿ ತೆರೆದುಕೊಂಡು ಕೇಳುತ್ತಿದ್ದರು, ಏಕೆಂದರೆ ಬೇರೆ ಯಾರೂ ಹೇಳುವವರಿರಲಿಲ್ಲ.

ಅಷ್ಟರಲ್ಲಿ ಅಮೋಘಿ ರಜೆಯ ಮೇಲೆ ಊರಿಗೆ ಬಂದ.

ಅಮೋಘಿ ಪಲ್ಟಣಕ್ಕೆ ಸೇರಿ ಬರ್ಮಾ ಗಡಿಯಲ್ಲಿದ್ದ ಹುಡುಗ. ಯುದ್ಧವನ್ನು ಕಣ್ಣಾರೆ ಕಂಡವನು. ಅವನು ಚಹಾದಂಗಡಿಯಲ್ಲಿ ಕುಳಿತ ಮೊದಲ ಸಂಜೆಯೇ ಪತ್ರಿಕೆ ಕೇಳುವವರಿಲ್ಲದೆ ಉಳಿಯಿತು. ಶಿವಯೋಗೆಪ್ಪ ಕೆಮ್ಮಿದ, ಪುಟ ತಿರುವಿ ಸದ್ದು ಮಾಡಿದ, "ಇಲ್ಲೆ ಒಂದು ದೊಡ್ಡ ಸುದ್ದಿ ಐತಿ" ಎಂದ. ಯಾರೂ ತಿರುಗಲಿಲ್ಲ. ಎಲ್ಲರೂ ಅಮೋಘಿ ಚೀಲದಿಂದ ತೆಗೆದ ಪುಸ್ತಕವೊಂದರ ಮೇಲೆ ಬಗ್ಗಿದ್ದರು.

"ಜಪಾನಿಯವರು ಬಿಟ್ಟು ಓಡಿದ ಠಾಣೆದಾಗ ಸಿಕ್ತು" ಎಂದ ಅಮೋಘಿ. "ಇದನ್ನ ಓದಾವ್ರು ನಮ್ಮ ಪಲ್ಟಣದಾಗ ಒಬ್ಬಾಂವನೂ ಇಲ್ಲ. ಸಾಹೇಬರಿಗೂ ಬರಲಿಲ್ಲ."

ಶಿವಯೋಗೆಪ್ಪ ಪತ್ರಿಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಎದ್ದು ಬಂದ. ಪುಸ್ತಕದ ಮೇಲೆ ಕಣ್ಣಾಡಿಸಿ, ಅಡಿಕೆಯ ಹೋಳು ಒಳ್ಳೆಯದೋ ಕೆಟ್ಟದ್ದೋ ಎಂದು ನೋಡುವವನ ಹಾಗೆ ತುಟಿ ಮುಂದೆ ಮಾಡಿ ಹೇಳಿದ:

"ಓದಿದ್ರ ಬರತೈತಿ. ಮನುಷ್ಯಾರು ಬರದದ್ದನ್ನ ಮನುಷ್ಯಾರು ಓದಾಕ ಬರೂದಿಲ್ಲಂದ್ರೇನು?"

"ನಿಮಗ ಬರತೈತೇನ್ರಿ?" ಎಂದ ಅಮೋಘಿ.

"ಕೊಡು ಇಲ್ಲೆ" ಎಂದ ಶಿವಯೋಗೆಪ್ಪ.

ಇಷ್ಟೇ ಆದದ್ದು. ಅಮೋಘಿ ರಜೆ ಮುಗಿಸಿ ಮರಳಿ ಹೋದ, ಪುಸ್ತಕ ಶಿವಯೋಗೆಪ್ಪನ ಹತ್ತಿರ ಉಳಿಯಿತು, ಊರು ಕಾಯತೊಡಗಿತು.

ಅದು ಜಪಾನಿನ ಸಣ್ಣ ಮಕ್ಕಳ ಸಾಲಿಯ ಪುಸ್ತಕ. ಜಪಾನಿನ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ, ಮನೆಯಲ್ಲಿ ಮಾತು ಕಲಿತು, ಸಾಲಿಗೆ ಬಂದ ಕೂಸಿಗಾಗಿ ಬರೆದದ್ದು. ಆ ಕೂಸಿಗೆ ಗುಡ್ಡಕ್ಕೆ ಏನನ್ನುತ್ತಾರೆಂಬುದು ಗೊತ್ತೇ ಇರುವುದರಿಂದ ಪುಸ್ತಕ ಆ ಗೊಡವೆಗೆ ಹೋಗಿರಲಿಲ್ಲ. ಗುಡ್ಡದ ಚಿತ್ರ, ಪಕ್ಕದಲ್ಲಿ ಗುಡ್ಡದ ಅಕ್ಷರ. ಶಿವಯೋಗೆಪ್ಪನಿಗೆ ಬೇಕಾದದ್ದೂ ಅಷ್ಟೇ.

ಮೊದಲು ಪುಸ್ತಕ ಎಲ್ಲಿಂದ ಶುರುವಾಗುತ್ತದೆಂಬುದೇ ತಿಳಿಯಲಿಲ್ಲ. ಎಡದಿಂದ ತೆರೆದರೆ ಚಿತ್ರದಲ್ಲಿನ ಹುಡುಗ ಮೊದಲು ಮನೆಗೆ ಬಂದು ಆಮೇಲೆ ಸಾಲಿಗೆ ಹೋಗುತ್ತಿದ್ದ. ಬುಡ್ಡೇಸಾಬ ಚಹಾದ ಕೆಟಲ್ ಕೆಳಗಿಟ್ಟು ನೋಡಿ, "ಇದು ಬಲಗಡೆಯಿಂದ ಚಾಲೂ ಆಗತೈತಿ, ನಮ್ಮ ಉರ್ದೂ ಹಂಗ" ಎಂದ. ಅವನ ದನಿಯಲ್ಲಿ ಜಪಾನಿನವರು ತನಗೆ ದೂರದ ಬೀಗರೆಂಬ ಧಾಟಿ ಇತ್ತು.

"ಆದ್ರ ನಿಮ್ಮ ಉರ್ದೂ ಅಡ್ಡ ಹೊಕ್ಕೈತಿ, ಇದು ಬಾವ್ಯಾಗ ಹಗ್ಗಾ ಬಿಟ್ಟಂಗ ಕೆಳಗ ಇಳೀತೈತಿ" ಎಂದ ಶಿವಯೋಗೆಪ್ಪ.

"ಇಳೀಲಿ. ಚಾಲೂ ಎಲ್ಲಿಂದ ಆತು ಅನ್ನೂದು ಮುಖ್ಯ."

ಅಂದಿನಿಂದ ಶಿವಯೋಗೆಪ್ಪನ ಅಭ್ಯಾಸ ನಡೆಯಿತು. ಗುಡ್ಡದ ಅಕ್ಷರ ಮೂರು ಹಲ್ಲು ಮೇಲೆ ಮಾಡಿ ಇಟ್ಟ ಕುಂಟೆಯ ಹಾಗಿತ್ತು. ಮನುಷ್ಯನ ಅಕ್ಷರಕ್ಕೆ ಎರಡು ಕಾಲು ಬಿಟ್ಟರೆ ಬೇರೇನೂ ಇರಲಿಲ್ಲ. ಅದೇ ಮನುಷ್ಯನ ಎರಡೂ ಮಗ್ಗುಲಿಗೆ ಕಿಡಿ ಹಾರಿಸಿದರೆ ಬೆಂಕಿ. ಅವನ ನೆತ್ತಿಯ ಮೇಲೆ ಎರಡು ಗೆರೆ ಎಳೆದರೆ ಆಕಾಶ. ನಡುವೆ ಒಂದು ಗೂಟ, ಆಚೀಚೆ ಎರಡು ಹನಿ ಇದ್ದರೆ ಸಣ್ಣದು. ಎಣಿಕೆಯ ಪುಟವೂ ಇತ್ತು, ಚುಕ್ಕೆಗಳನ್ನು ಹಾಕಿ ಒಂದರಿಂದ ನೂರರ ತನಕ ತೋರಿಸಿದ್ದರು. ಇದ್ದಿಲು ಹಿಡಿದು ಅವನು ಗೋಡೆಯ ಮೇಲೆ ಬರೆದ, ಕಾಳು ತುಂಬುವ ನೆಲದೊಳಗಿನ ಹಗೇವಿನ ಮುಚ್ಚಳದ ಮೇಲೆ ಬರೆದ, ಕೊಟ್ಟಿಗೆಯಲ್ಲಿ ಎಮ್ಮೆ ಅಲುಗದೆ ನಿಂತಿದ್ದರೆ ಅದರ ಬೆನ್ನ ಮೇಲೆ ಸುಣ್ಣದಲ್ಲಿ ಬರೆದ.

"ಎಮ್ಮಿ ಮ್ಯಾಲ ಏನು ಬರದೀರಿ?" ಎಂದು ಕೇಳಿದಳು ಹೆಂಡತಿ ಗುರುಬಸವ್ವ.

"ಗುಡ್ಡ."

"ಎಮ್ಮಿ ಮ್ಯಾಲ ಎಮ್ಮಿ ಅಂತ ಬರೀಬಾರದೇನು?"

"ಅದು ಇನ್ನೂ ಬಂದಿಲ್ಲ. ಮುಂದಿನ ಪಾಠದಾಗ ಇರಬೇಕು."

ಗುರುಬಸವ್ವ ಒದ್ದೆ ಅರಿವೆ ತಂದು ಗುಡ್ಡವನ್ನು ಒರೆಸಿಬಿಟ್ಟಳು.

ಕೊನೆಗೆ ಊರಿನ ಒತ್ತಾಯಕ್ಕೆ ಒಂದು ಸಂಜೆ ಚಹಾದಂಗಡಿಯಲ್ಲಿ ಬಹಿರಂಗ ಓದು ಏರ್ಪಟ್ಟಿತು. ಕಳ್ಳಕವಟಗಿಯಿಂದಲೂ ಮಂದಿ ಬಂದಿದ್ದರು. ಶಿವಯೋಗೆಪ್ಪ ತಲೆಗೆ ಹೊಸ ರುಮಾಲು ಸುತ್ತಿ, ಪುಸ್ತಕವನ್ನು ಬಲದಿಂದ ತೆರೆದು, ಬೆರಳನ್ನು ಮೇಲಿಂದ ಕೆಳಕ್ಕೆ ಇಳಿಸುತ್ತ ಓದಿದ:

"ಗುಡ್ಡ. ಹೊಳಿ. ಮನುಷ್ಯಾ. ಗಿಡ. ಸಣ್ಣ ಮನುಷ್ಯಾ. ಸೂರ್ಯಾ."

ಮಂದಿ ಒಬ್ಬರ ಮುಖ ಒಬ್ಬರು ನೋಡಿದರು. ಹಿಂದಿನ ಸಾಲಿನಿಂದ ಒಬ್ಬ ಎದ್ದು, "ಇದು ಕನ್ನಡ ಆತಲ್ರಿ" ಎಂದ.

"ಹೌದು."

"ಜಪಾನಿಯವರು ಕನ್ನಡ ಮಾತಾಡತಾರೇನು?"

"ಅವರು ಏನರ ಮಾತಾಡಲಿ. ಬರಿಯೂದು ಮಾತ್ರ ಹಿಂಗ. ಗುಡ್ಡದ ಚಿತ್ರಾ ತಗದಂಗ ಇದು. ಚಿತ್ರಾ ನೋಡಿ ನೀ ಕನ್ನಡದಾಗ ಗುಡ್ಡ ಅಂದ್ರೇನು, ಬುಡ್ಡೇಸಾಬ ಉರ್ದೂದಾಗ ಪಹಾಡ ಅಂದ್ರೇನು, ಗುಡ್ಡ ಗುಡ್ಡಾನ ಅಲ್ಲೇನು?"

ಇದು ಎಷ್ಟು ಸರಿಯಾದ ಮಾತೆಂಬುದು ಶಿವಯೋಗೆಪ್ಪನಿಗೂ ಗೊತ್ತಿರಲಿಲ್ಲ. ಕೇಳಿದವನು ತಲೆ ಕೆರೆದುಕೊಂಡು, ಅಕ್ಷರಗಳ ನಡುನಡುವೆ ಇದ್ದ ಸಣ್ಣ ಸಣ್ಣ ಕೊಕ್ಕೆಗಳನ್ನು ತೋರಿಸಿ, "ಮತ್ತ ಇವೇನು?" ಎಂದ.

ಆ ಕೊಕ್ಕೆಗಳು ಒಂದೂ ಶಿವಯೋಗೆಪ್ಪನ ಕೈಗೆ ಹತ್ತಿರಲಿಲ್ಲ. ಅವಕ್ಕೆ ಚಿತ್ರ ಇರಲಿಲ್ಲ. ಅವನು ಸ್ವಲ್ಪವೂ ತಡವರಿಸದೆ, "ಅವು ಉಸರು ತಗೊಳ್ಳೂ ಜಾಗಾ" ಎಂದ.

"ಬಾಳ ಉಸರು ತಗೊಂಡಾರಲ್ರಿ."

"ಗುಡ್ಡದ ದೇಶ. ಏರಿ ಇಳದು ದಣೀತಾರ."

ಅಲ್ಲಿಗೆ ಜನ ಒಪ್ಪಿಕೊಂಡರು. ಬಸ್ಸಿನ ಡ್ರಾಯವರ ಆ ಸುದ್ದಿಯನ್ನು ವಿಜಾಪುರಕ್ಕೆ ಒಯ್ದ, ವಿಜಾಪುರದಿಂದ ಅದು ಬಬಲೇಶ್ವರಕ್ಕೆ ಹೋಯಿತು. ಪೆಟ್ರೋಲ್ ಸಿಗದೆ ಇದ್ದಿಲ ಗ್ಯಾಸಿನ ಮೇಲೆ ನಡೆಯುತ್ತಿದ್ದ ಬಸ್ಸದು, ಎಲ್ಲೆಂದರಲ್ಲಿ ನಿಲ್ಲುತ್ತಿತ್ತು. ನಿಂತಲ್ಲೆಲ್ಲ ಡ್ರಾಯವರನಿಗೆ ಮಾತಾಡಲು ಬಿಡುವಿತ್ತು. ಹೀಗಾಗಿ ಸುದ್ದಿ ಬಬಲೇಶ್ವರ ಮುಟ್ಟುವ ಹೊತ್ತಿಗೆ ಶಿವಯೋಗೆಪ್ಪ ಜಪಾನಿನಲ್ಲಿ ಕೆಲವು ವರ್ಷ ಇದ್ದು ಬಂದಿದ್ದ.

ಬಬಲೇಶ್ವರದಲ್ಲಿ ಅದೇ ಹೊತ್ತಿಗೆ ಒಂದು ಪೆಟ್ಟಿಗೆ ಸಿಕ್ಕಿತ್ತು. ಆ ಭಾಗದ ಪೊಲೀಸ್ ಫೌಜದಾರ ಗುರಲಿಂಗಪ್ಪನವರು ಬಚ್ಚಿಟ್ಟ ಸೀಮೆಎಣ್ಣೆ ಹುಡುಕಲು ಬಳೆ-ಆಟಿಕೆ ಸಾಮಾನಿನ ಲಾಡಲೇಸಾಬನ ಅಂಗಡಿಯ ಹಿಂದಿನ ಖೋಲಿಗೆ ನುಗ್ಗಿದ್ದರು. ಎಣ್ಣೆ ಸಿಗಲಿಲ್ಲ. ಹತ್ತಿಯ ಚೀಲಗಳ ಹಿಂದೆ ಒಂದು ಮರದ ಪೆಟ್ಟಿಗೆ ಸಿಕ್ಕಿತು. ಒಂದು ಮಗ್ಗುಲಿಗೆ ಇಂಗ್ಲಿಷ್ ಅಕ್ಷರ ಸವೆದು 'ಜಪಾನ್' ಎಂಬುದಷ್ಟೇ ಉಳಿದಿತ್ತು. ಉಳಿದ ಮೂರೂ ಮಗ್ಗುಲಿಗೆ ಜಪಾನಿ ಬರಹ.

"ಯುದ್ಧಕ್ಕಿಂತ ಮೊದಲ ಮುಂಬಯಿಯಿಂದ ತರಿಸಿದ್ದರಿ" ಎಂದು ಲಾಡಲೇಸಾಬ ಕೈ ಮುಗಿದ. "ಪೆಟಿಗಿ ಬಂತು, ಹಿಂದ ಯುದ್ಧಾನೂ ಬಂತು. ವೈರಿ ಮಾಲು ತಗದ್ರ ಹಿಡೀತೀರಿ ಅಂತ ಅಂಜಿ ಮುಚ್ಚಿಟ್ಟೆ. ಬಳಿ ಇರಬೇಕ್ರಿ."

ಫೌಜದಾರರು ಪೆಟ್ಟಿಗೆಯನ್ನು ಎತ್ತಿಸಿದರು. ಹತ್ತಿಯ ಮೂಟೆಯಷ್ಟೂ ಭಾರವಿರಲಿಲ್ಲ. ಅಲುಗಿಸಿದರು. ಒಳಗೆ ಟಕಟಕ ಎಂದಿತು. ಬಳೆಯ ಸದ್ದಲ್ಲ. ಫೌಜದಾರರು ಎರಡು ಹೆಜ್ಜೆ ಹಿಂದೆ ಸರಿದು, "ಬಾಂಬು" ಎಂದರು. ಲಾಡಲೇಸಾಬನನ್ನು ಬೇವಿನ ಗಿಡದ ಕೆಳಗೆ ಕೂರಿಸಿ ಪೊಲೀಸ ಕಾವಲು ಹಾಕಿ, ಇನ್ನೊಬ್ಬನನ್ನು ತಿಕೋಟಾಕ್ಕೆ ಅಟ್ಟಿದರು.

ಪೊಲೀಸ ಬಾಗಿಲಿಗೆ ಬಂದದ್ದನ್ನು ಕಂಡ ಶಿವಯೋಗೆಪ್ಪ ಹಗೇವಿಗೆ ಇಳಿದ. ಗುರುಬಸವ್ವ ಬಾಗಿಲಲ್ಲಿ ನಿಂತು, "ಅವರು ಇಲ್ಲರಿ. ಆ ಪುಸ್ತಕಾ ಬೇಕಾದ್ರ ಒಯ್ರಿ, ನನಗೂ ಗೋಡಿ ಸಾರಿಸಿ ಸಾರಿಸಿ ಸಾಕಾಗೇತಿ" ಎಂದಳು.

"ಹಿಡಿಯಾಕ ಬಂದಿಲ್ಲವ್ವಾ. ಸಾಹೇಬರು ಮರ್ಯಾದೀಲೆ ಕರಕೊಂಡು ಬಾ ಅಂದಾರ. ಜಪಾನಿ ಓದಾವ್ರು ಜಿಲ್ಲಾದಾಗ ಇವರೊಬ್ಬರ ಅಂತ."

ಹಗೇವಿನೊಳಗಿಂದ, "ರುಮಾಲು ಕೊಡು" ಎಂಬ ದನಿ ಬಂತು.

ತಿಕೋಟಾದಿಂದ ಬಬಲೇಶ್ವರಕ್ಕೆ ಹೋಗಲು ವಿಜಾಪುರದಲ್ಲಿ ಬಸ್ಸು ಬದಲಿಸಬೇಕಿತ್ತು. ಅಲ್ಲಿ ಎರಡನೆಯ ಬಸ್ಸಿನ ಇದ್ದಿಲು ಹೊತ್ತಿಕೊಳ್ಳುವ ತನಕ ಇಬ್ಬರೂ ಕಟ್ಟೆಯ ಮೇಲೆ ಕುಳಿತರು. ಪಕ್ಕದಲ್ಲಿ ಪೊಲೀಸ, ಕೈಯಲ್ಲಿ ಜಪಾನಿ ಪುಸ್ತಕ. ನೋಡುನೋಡುತ್ತ ಗುಂಪು ಕೂಡಿತು.

"ಜಪಾನಿಯವನ್ನ ಹಿಡಕೊಂಡು ಬಂದಾರ."

"ಮೂಗು ನಮ್ಮಂಗ ಐತಲ್ಲೋ."

"ವೇಷಾ. ಧೋತರಾ ನೋಡು, ಎಷ್ಟು ಚಂದ ಉಟ್ಟಾನ. ನಮ್ಮವರು ಯಾರರ ಇಷ್ಟು ಚಂದ ಉಡತಾರೇನು?"

ಶಿವಯೋಗೆಪ್ಪ, "ನಾ ತಿಕೋಟಾದಾಂವ" ಎಂದ. "ಕನ್ನಡಾನೂ ಕಲ್ತಾನ" ಎಂದು ಗುಂಪು ಮೆಚ್ಚಿಕೊಂಡಿತು. ಅಷ್ಟರಲ್ಲಿ ಸಂತೆಗೆ ಬಂದಿದ್ದ ಅವನ ಚಿಗವ್ವ ಮುರಿಗೆವ್ವ ಗುಂಪನ್ನು ಸೀಳಿಕೊಂಡು ಬಂದು ನೋಡಿದಳು.

"ಇವಾ ನಮ್ಮ ಶಿವ್ಯಾ. ನನ್ನ ಅಕ್ಕನ ಮಗ."

"ಯಮ್ಮಾ, ಸರಕಾರದ ಕೆಲಸದಾಗ ಬಾಯಿ ಹಾಕಬ್ಯಾಡ" ಎಂದ ಒಬ್ಬ. "ಜಪಾನಿಯವನ್ನ ನಮ್ಮಾಂವ ಅಂದ್ರ ನಿನ್ನೂ ಒಳಗ ಹಾಕತಾರ."

ಮುರಿಗೆವ್ವ ಒಂದು ಗಳಿಗೆ ಯೋಚಿಸಿದಳು. ಅಕ್ಕನ ಮಗನ ಮುಖ ನೋಡಿದಳು, ಪೊಲೀಸನ ಮುಖ ನೋಡಿದಳು. "ಹೌದ ನೋಡು, ಶಿವ್ಯಾ ಇಷ್ಟು ಕರ್ರಗಿಲ್ಲ" ಎಂದು ಸಂತೆಯ ಚೀಲ ಎತ್ತಿಕೊಂಡು ನಡೆದುಬಿಟ್ಟಳು.

ಬಬಲೇಶ್ವರದಲ್ಲಿ ಮಾತ್ರ ಮರ್ಯಾದೆ ಕಾದಿತ್ತು. ಲಾಡಲೇಸಾಬನ ಅಂಗಡಿಯ ಮುಂದಿನ ಬಯಲಿನಲ್ಲಿ ಪೆಟ್ಟಿಗೆ ಇಟ್ಟು, ಸುತ್ತ ಸುಣ್ಣದ ಗೆರೆ ಎಳೆದಿದ್ದರು. ಗೆರೆಯ ಹೊರಗೆ ಇಡೀ ಊರು. ಬೇವಿನ ಗಿಡದ ಕೆಳಗಿಂದ ಲಾಡಲೇಸಾಬ, "ಮಾಸ್ತರರ, ನೋಡಿ ಓದ್ರಿ. ನನ್ನ ಜೀವಾ ನಿಮ್ಮ ಬಾಯಾಗ ಐತಿ" ಎಂದ. ಶಿವಯೋಗೆಪ್ಪನನ್ನು ಹುಟ್ಟಿದಂದಿನಿಂದ ಯಾರೂ ಮಾಸ್ತರ ಎಂದಿರಲಿಲ್ಲ. ಅವನ ಎದೆ ಒಮ್ಮೆ ಉಬ್ಬಿತು, ಆಮೇಲೆ ಪೆಟ್ಟಿಗೆಯನ್ನು ನೋಡಿ ಇಳಿಯಿತು.

ಅಕ್ಷರಗಳು ಇರುವೆ ಸಾಲಿನಂತೆ ತುಂಬಿದ್ದವು. ಬಹುಪಾಲು ಅವನು ಕಂಡೇ ಇರದವು. ಬೆವರು ಒರೆಸಿಕೊಳ್ಳುತ್ತ ಅವನು ಪೆಟ್ಟಿಗೆಯನ್ನು ಒಂದು ಸುತ್ತು ಬಂದ. ಅಪರಿಚಿತರ ಸಂತೆಯಲ್ಲಿ ಊರಿನವರು ಸಿಕ್ಕ ಹಾಗೆ ಅಲ್ಲೊಂದು ಇಲ್ಲೊಂದು ಗುರುತಿನ ಮುಖ ಕಂಡಿತು.

"ಆಕಾಶ" ಎಂದ.

ಫೌಜದಾರರು ಮೇಲೆ ನೋಡಿದರು. ಊರೂ ಮೇಲೆ ನೋಡಿತು.

"ಸಣ್ಣ. ಮನುಷ್ಯಾ. ನೂರು."

"ನೂರು ಏನು?"

"ನೂರು ಸಣ್ಣ ಮನುಷ್ಯಾರು" ಎಂದ ಶಿವಯೋಗೆಪ್ಪ. ಆಮೇಲೆ ಮೂರನೆಯ ಮಗ್ಗುಲಿಗೆ ಬಂದು, ದೊಡ್ಡದಾಗಿ ಕೆಂಪಿನಲ್ಲಿ ಬರೆದಿದ್ದ ಅಕ್ಷರ ಕಂಡು, ಒಂದು ಹೆಜ್ಜೆ ಹಿಂದೆ ಸರಿದು, "ಬೆಂಕಿ" ಎಂದ.

ಅವನು ಓದಿದ್ದು ಇಷ್ಟೇ. ಇದಕ್ಕೆ ಒಂದು ಅಕ್ಷರವನ್ನೂ ಅವನು ಕೂಡಿಸಲಿಲ್ಲ. ಕೂಡಿಸಿದವರು ಫೌಜದಾರರು. ಅವರು ಮೀಸೆಯ ತುದಿ ಕಚ್ಚಿ, ಒಂದೊಂದನ್ನೇ ಬೆರಳು ಮಡಿಸಿ ಹೇಳಿಕೊಂಡರು: "ಆಕಾಶ. ನೂರ ಮಂದಿ. ಬೆಂಕಿ." ಅವರ ಮುಖ ಬಿಳಿಚಿತು.

"ಛತ್ರಿ ಕಟಗೊಂಡು ಇಳಿಯೂ ಸಿಪಾಯಿಗೋಳು. ಆಕಾಶದಿಂದ ನೂರ ಮಂದಿ ಇಳದು ಬೆಂಕಿ ಹಚ್ಚತಾರ. ಇದು ಅವರ ಹುಕುಂ. ಹೌದೋ ಅಲ್ಲೋ?"

"ಹಂಗೂ ಆಗಬಹುದ್ರಿ" ಎಂದ ಶಿವಯೋಗೆಪ್ಪ.

"ಸಣ್ಣ ಮಂದಿ ಯಾಕ ಬರಾಕತ್ತಾರ?"

"ಹಗರ ಇರತಾರ್ರಿ. ಗಾಳ್ಯಾಗ ಇಳಿಯಾಕ ಸಲೀಸು."

ಫೌಜದಾರರಿಗೆ ಇನ್ನು ಅನುಮಾನ ಉಳಿಯಲಿಲ್ಲ. ಸೈಕಲ್ಲಿದ್ದ ಪೊಲೀಸನನ್ನು ವಿಜಾಪುರಕ್ಕೆ ಓಡಿಸಿದರು. ಅವನು ಹೊರಡುವಾಗ ಹೇಳಿಕೊಟ್ಟ ಮಾತು 'ನೂರು ಜಪಾನಿಯವರು ಇಳಿಯುವ ಸಂಭವ ಇದೆ' ಎಂದಿತ್ತು. ಮುಳ್ಳು ಚುಚ್ಚಿ ಗಾಲಿ ಪಂಕ್ಚರಾಗಿ ಅವನು ಸೈಕಲ್ ಹೊತ್ತು ಓಡಿ ಮುಟ್ಟಿದಾಗ ಉಸಿರಿದ್ದದ್ದು 'ನೂರು ಜಪಾನಿಯವರು ಇಳಿದರು' ಎನ್ನುವಷ್ಟಕ್ಕೆ ಮಾತ್ರ.

ಇತ್ತ ಬಬಲೇಶ್ವರ ಯುದ್ಧಕ್ಕೆ ಸಜ್ಜಾಯಿತು. ಗಂಡಸರು ಕುಡಗೋಲು ಹಿಡಿದು ಮಾಳಿಗೆ ಏರಿದರು. ಹೆಂಗಸರು ಮಾಳಿಗೆಯ ಮೇಲೆ ಒಣಗಿಸಿದ ಸಂಡಿಗೆ, ಮೆಣಸಿನಕಾಯಿಗಳನ್ನು ಇಳಿಸಿದರು, ಜಪಾನಿಯವರು ಮೊದಲು ಇಳಿಯುವುದು ಅಲ್ಲೇ ತಾನೆ. ಎಮ್ಮೆಗಳು ಮನೆಯೊಳಗೆ ಬಂದವು, ಮಕ್ಕಳು ಹೊರಗೆ ಬಂದರು. ಹೊಲದಿಂದ ಬರುತ್ತಿದ್ದ ಮುದುಕ ರಸೂಲಸಾಬ ಬಿಸಿಲಿಗೆ ಕೊಡೆ ಬಿಚ್ಚಿಕೊಂಡಿದ್ದ. ಮಾಳಿಗೆಯ ಮೇಲಿನಿಂದ ಒಟ್ಟಿಗೆ ಹತ್ತು ದನಿ ಕೇಳಿದವು.

"ಕೊಡಿ ಮುಚ್ಚೋ ಮುದುಕಾ. ಒಬ್ಬ ಇಳದಾನಂತ ತಿಳಕೊಂಡು ಹೊಡದುಬಿಟ್ಟೇವು."

ಕೊಡೆ ಮುಚ್ಚಿದ ರಸೂಲಸಾಬ, ಯಾಕೆಂದು ಕೇಳದೆ, ಗೋಡೆಯ ಮಗ್ಗುಲಿಗೆ ಅಂಟಿಕೊಂಡು ಮನೆ ಸೇರಿದ. ಖಾನಾವಳಿಯ ಭೀಮಾಬಾಯಿ ಫೌಜದಾರರ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ನೂರ ಮಂದಿ ಬರತಾರ ಅಂದ್ರಿ. ಅವರನ್ನ ಹಿಡದ ಮ್ಯಾಲ ಉಣ್ಣಾಕ ಹಾಕಬೇಕಲ್ಲ. ನೂರ ಮಂದಿಗೆ ರೊಟ್ಟಿ ಯಾರು ಬಡೀಬೇಕು?"

"ಮೊದಲ ಹಿಡಿಯೂನು."

"ಹಿಡದ ಮ್ಯಾಲ ಹೇಳಿದ್ರ ಆಗೂದಿಲ್ಲರಿ. ಹಿಟ್ಟು ಬೀಸಬೇಕು."

ಫೌಜದಾರರು ಶಿವಯೋಗೆಪ್ಪನ ಕಡೆ ತಿರುಗಿ, "ಅವರು ರೊಟ್ಟಿ ತಿಂತಾರೇನು?" ಎಂದರು. ಪುಸ್ತಕದಲ್ಲಿ ಬಟ್ಟಲಲ್ಲಿ ಅನ್ನ ಉಣ್ಣುವ ಕೂಸಿನ ಚಿತ್ರ ಇದ್ದದ್ದು ನೆನೆದು ಅವನು, "ಅನ್ನಾ ತಿಂತಾರ್ರಿ" ಎಂದ. "ಹಂಗಾರ ಇಲ್ಲಿಗೆ ಯಾಕ ಬರಾಕತ್ತಾರ, ಇಲ್ಲೆ ಅಕ್ಕಿ ಎಲ್ಲೈತಿ?" ಎಂದು ಭೀಮಾಬಾಯಿ ಗೊಣಗುತ್ತ ಹೋದಳು. ಶಿವಯೋಗೆಪ್ಪನಿಗೆ ಆ ಪ್ರಶ್ನೆ ಬಲವಾಗಿಯೇ ತಗುಲಿತು. ಬೇವಿನ ಗಿಡದ ಕಡೆ ನೋಡಿದರೆ ಲಾಡಲೇಸಾಬ ಮೊಣಕಾಲಲ್ಲಿ ಮುಖ ಹುದುಗಿಸಿಕೊಂಡಿದ್ದ. ಬಾಂಬು ಇಟ್ಟವನಾಗಿದ್ದವನು ಈಗ ಪಲ್ಟಣವನ್ನೇ ಕರೆಸಿದವನಾಗಿದ್ದ. ತಾನು ಓದದೇ ಹೋಗಿದ್ದರೆ ಅವನಿಗೆ ಅರ್ಧ ಶಿಕ್ಷೆಯಲ್ಲಿ ಮುಗಿಯುತ್ತಿತ್ತಲ್ಲ ಎನಿಸಿತು ಶಿವಯೋಗೆಪ್ಪನಿಗೆ. ಅವನು ಫೌಜದಾರರ ಹತ್ತಿರ ಹೋಗಿ ಮೆಲ್ಲಗೆ ಹೇಳಿದ:

"ಸಾಹೇಬರ, ನಾ ಓದಿದ್ದು ಐದ ಅಕ್ಷರಾ. ಉಳದದ್ದು ಬಾಳ ಐತ್ರಿ."

"ಐದರಾಗ ಇಷ್ಟು ಐತಿ. ಉಳದದ್ದನ್ನ ಓದಬ್ಯಾಡ" ಎಂದರು ಫೌಜದಾರರು.

ಹೊತ್ತು ಹೊರಳಿತು. ಆಕಾಶದಿಂದ ಯಾರೂ ಇಳಿಯಲಿಲ್ಲ. ಹದ್ದೊಂದು ಎರಡು ಸಲ ಬಂದು ಹೋಯಿತು, ಎರಡು ಸಲವೂ ಅರ್ಧ ಊರು ಕಣಕಿಯ ಬಣವೆಗಳ ಹಿಂದೆ ಅಡಗಿತು. ಆಗ ಲಾಡಲೇಸಾಬನ ತಾಯಿ ಹಾಜಿರಾಬಿ ಬುತ್ತಿ ಹಿಡಿದುಕೊಂಡು ಬಂದಳು. ಪೊಲೀಸ ಅಡ್ಡಗಟ್ಟಿ, ಕೈದಿಗೆ ಊಟ ಕೊಡಲು ಹುಕುಂ ಇಲ್ಲವೆಂದ.

"ಯಾತರ ಸಲುವಾಗಿ ಕೈದಿ?"

"ಆ ಪೆಟಿಗಿ ಸಲುವಾಗಿ."

"ಅದರಾಗ ಏನೈತಿ?"

"ಯಾರೂ ತಗದು ನೋಡಿಲ್ಲ."

ಹಾಜಿರಾಬಿ ಬುತ್ತಿಯನ್ನು ಪೊಲೀಸನ ಕೈಗೆ ಕೊಟ್ಟು ಮನೆಯೊಳಗೆ ಹೋದಳು. ಹೊರಗೆ ಬಂದಾಗ ಅವಳ ಕೈಯಲ್ಲಿ ಒನಕೆ ಇತ್ತು. ಅವಳು ಸುಣ್ಣದ ಗೆರೆ ದಾಟಿದ್ದನ್ನು ಕಂಡವರು ಕಂಡಲ್ಲೇ ಮಣ್ಣಿಗೆ ಬಿದ್ದರು. ಫೌಜದಾರರು ಎತ್ತಿನ ಗಾಡಿಯ ಕೆಳಗೆ ಹೋದರು. ಅಲ್ಲಿ ಆಗಲೇ ಶಿವಯೋಗೆಪ್ಪ ಇದ್ದ. ಒನಕೆಯ ಒಂದು ಪೆಟ್ಟು, ಎರಡನೆಯ ಪೆಟ್ಟು, ಹಲಗೆ ಮುರಿದ ಸದ್ದು, ಆಮೇಲೆ ಟಕಟಕಟಕ ಎಂದು ಏನೋ ನೆಲದ ಮೇಲೆ ಉರುಳಿದ ಸದ್ದು. ಆಮೇಲೆ ಏನೂ ಇಲ್ಲ.

ಫೌಜದಾರರು ಗಾಲಿಯ ಸಂದಿಯಿಂದ ಇಣುಕಿದರು. ಹಾಜಿರಾಬಿಯ ಕಾಲ ಸುತ್ತ ಸಣ್ಣ ಸಣ್ಣ ಮನುಷ್ಯರು ಬಿದ್ದಿದ್ದರು. ಗುಲಾಬಿ ಬಣ್ಣದ ಮೈ, ತೆರೆದ ಕಣ್ಣು, ಗಾಳಿ ಬಂದರೆ ಹಾರುವಷ್ಟು ಹಗುರ. ಸೆಲ್ಯುಲಾಯ್ಡಿನ ಗೊಂಬೆಗಳು. ಮೈಮೇಲೆ ಒಂದು ನೂಲೂ ಇಲ್ಲ.

"ಯವ್ವಾ, ಅರಿವಿ ಇಲ್ಲದ ಬಂದಾವಲ್ಲ" ಎಂದಳು ಭೀಮಾಬಾಯಿ. "ಅಲ್ಲೂ ಅರಿವಿ ರೇಷನ್ನ ಐತೇನು?"

ಪೊಲೀಸರು ಎಣಿಸಿದರು. ಸರಿಯಾಗಿ ನೂರು.

ಆಗ ಇಡೀ ಊರು ಗಾಡಿಯ ಕೆಳಗಿದ್ದ ಶಿವಯೋಗೆಪ್ಪನ ಕಡೆ ತಿರುಗಿತು. ನೂರು ಸಣ್ಣ ಮನುಷ್ಯರು ಎಂದಿದ್ದ, ನೂರು ಸಣ್ಣ ಮನುಷ್ಯರೇ ಇದ್ದರು. ಪೆಟ್ಟಿಗೆ ತೆರೆಯದೆ, ಮುಟ್ಟದೆ, ಸುತ್ತು ಹಾಕಿ ಹೇಳಿದ್ದ. ಲಾಡಲೇಸಾಬ ಓಡಿ ಬಂದು ಅವನನ್ನು ಗಾಡಿಯ ಕೆಳಗಿನಿಂದ ಎಳೆದು ತಬ್ಬಿಕೊಂಡ. ಫೌಜದಾರರೊಬ್ಬರೇ ಸಂತೋಷಪಡಲಿಲ್ಲ. ಅವರಿಗೆ ಸೈಕಲ್ಲಿನ ಪೊಲೀಸ ನೆನಪಾಗಿದ್ದ. ಅದೇ ಹೊತ್ತಿಗೆ ವಿಜಾಪುರದ ದಾರಿಯಲ್ಲಿ ಧೂಳು ಎದ್ದಿತು.

ಮಿಲಿಟರಿ ಲಾರಿ ಬಂದು ನಿಂತಿತು. ಬಂದೂಕು ಹಿಡಿದ ಸಿಪಾಯಿಗಳು ಧುಮುಕಿದರು. ಕೆಂಪು ಮುಖದ ಕ್ಯಾಪ್ಟನ್ ಒಬ್ಬ ಇಳಿದು, ನೂರು ಜಪಾನಿಯವರು ಎಲ್ಲಿ ಎಂದು ಇಂಗ್ಲಿಷಿನಲ್ಲಿ ಕೇಳಿದ. ಫೌಜದಾರರು ಸೆಲ್ಯೂಟು ಹೊಡೆದು, ನೆಲದ ಮೇಲೆ ಸಾಲಾಗಿ ಮಲಗಿಸಿದ್ದ ಗೊಂಬೆಗಳನ್ನು ತೋರಿಸಿದರು. ಕ್ಯಾಪ್ಟನ್ ಸಾಲಿನ ಈ ತುದಿಯಿಂದ ಆ ತುದಿಗೆ ನಡೆದ. ಒಂದನ್ನು ಎತ್ತಿ ನೋಡಿದ. ಅವನ ಮುಖ ಇನ್ನೂ ಕೆಂಪಾಯಿತು.

ಅದೃಷ್ಟಕ್ಕೆ ಆ ಕ್ಯಾಪ್ಟನ್ ಜಪಾನಿ ಭಾಷೆಯ ಒಂದು ಸಣ್ಣ ತರಬೇತಿ ಮುಗಿಸಿದವನು. ಜೇಬಿನಿಂದ ಒಂದು ನಿಘಂಟು ತೆಗೆದು, ಮುರಿದ ಹಲಗೆಗಳನ್ನು ಜೋಡಿಸಿ ಓದಿದ. 'ಆಕಾಶ' ಎಂದದ್ದು ಪೆಟ್ಟಿಗೆಯನ್ನು ಮೇಲೆ ಕೆಳಗೆ ಮಾಡಬೇಡಿ ಎಂಬ ಸೂಚನೆಯ ಮೊದಲ ಅಕ್ಷರ. 'ಬೆಂಕಿ' ಎಂದದ್ದು ಬೆಂಕಿಯಿಂದ ದೂರ ಇಡಿ ಎಂಬುದರದು. ಮನುಷ್ಯನ ಆಕಾರ ಎಂದು ಬರೆದರೆ ಅವರಲ್ಲಿ ಗೊಂಬೆ ಎಂದರ್ಥ. ಅದನ್ನೆಲ್ಲ ಫೌಜದಾರರು ಕನ್ನಡದಲ್ಲಿ ಹೇಳುತ್ತ ಹೋದರು, ಶಿವಯೋಗೆಪ್ಪ ಹೂಂ, ಹೂಂ ಎನ್ನುತ್ತ ಹೋದ.

ಇದನ್ನು ಮೊದಲು ಓದಿದವರು ಯಾರು ಎಂದು ಕ್ಯಾಪ್ಟನ್ ಕೇಳಿದ. ಊರು ಶಿವಯೋಗೆಪ್ಪನನ್ನು ಮುಂದೆ ತಳ್ಳಿತು. ಕ್ಯಾಪ್ಟನ್ ಅವನ ಕಂಕುಳಿನ ಪುಸ್ತಕ ತೆಗೆದುಕೊಂಡು, ಚಿತ್ರಗಳನ್ನು ಅಂಗೈಯಿಂದ ಮುಚ್ಚಿ, ಒಂದು ಅಕ್ಷರದ ಮೇಲೆ ಬೆರಳಿಟ್ಟ.

"ಗುಡ್ಡ" ಎಂದ ಶಿವಯೋಗೆಪ್ಪ. ಫೌಜದಾರರು ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ಕ್ಯಾಪ್ಟನ್ ತಲೆದೂಗಿದ.

"ಹೊಳಿ." ತಲೆದೂಗಿದ.

"ಗಿಡ. ಮಳಿ. ಕುದರಿ."

ಕ್ಯಾಪ್ಟನ್ನಿನ ಹುಬ್ಬು ಮೇಲೇರಿತು. ಕುದುರೆಗೆ ಅವನೇ ನಿಘಂಟು ನೋಡಬೇಕಾಯಿತು. ಅವನು ಸಂತೋಷದಿಂದ ಏನೋ ಕೇಳಿದ. ಫೌಜದಾರರು ತಿರುಗಿ ಹೇಳಿದರು: "ಬಾಳ ಚಲೋ ಅಂತ. ಈಗ ಇವನ್ನೆಲ್ಲ ಜಪಾನಿ ಮಾತಿನ್ಯಾಗ ಹೇಳು ಅಂತಾರ."

ಶಿವಯೋಗೆಪ್ಪ ಸುತ್ತ ನೋಡಿದ. ಲಾಡಲೇಸಾಬ ಕಾಯುತ್ತಿದ್ದ, ಊರು ಕಾಯುತ್ತಿತ್ತು. ಇನ್ನು ತಡೆಯಲಾರೆನೆನಿಸಿ ಫೌಜದಾರರ ಕಿವಿಯಲ್ಲಿ ಅವನು ಇದ್ದದ್ದನ್ನು ಹೇಳಿಬಿಟ್ಟ.

"ಸಾಹೇಬರ, ಅವರ ಮಾತು ನನಗ ಒಂದೂ ಬರೂದಿಲ್ಲರಿ. ಗುಡ್ಡಕ್ಕ ಅವರು ಏನಂತಾರೋ ಆ ದೇವರಿಗೆ ಗೊತ್ತು. ಜಪಾನಿಯವರ ದನಿಯನ್ನ ನಾ ಹುಟ್ಟಿದಾಗಿಂದ ಕೇಳಿಲ್ಲ."

ಫೌಜದಾರ ಗುರಲಿಂಗಪ್ಪನವರು ಕಣ್ಣು ಮುಚ್ಚಿಕೊಂಡರು. ನೂರು ಜಪಾನಿಯವರ ಸುದ್ದಿ ಕಳಿಸಿ ಲಾರಿ ತರಿಸಿದವರು ಅವರು. ಇವನ ಮಾತು ಕೇಳಿ ತರಿಸಿದೆ, ಇವನು ದೊಡ್ಡ ಪಂಡಿತ ಎಂಬುದೊಂದೇ ಅವರಿಗೆ ಉಳಿದ ಆಸರೆ. ಅವರು ಕಣ್ಣು ತೆರೆದು, ಎದೆ ಸೆಟೆಸಿ, ಕ್ಯಾಪ್ಟನ್ನಿಗೆ ಇಂಗ್ಲಿಷಿನಲ್ಲಿ ಹೇಳಿದರು: ಈ ಮನುಷ್ಯ ಯುದ್ಧ ಮುಗಿಯುವ ತನಕ ವೈರಿಯ ಭಾಷೆಯನ್ನು ಬಾಯಲ್ಲಿ ಆಡುವುದಿಲ್ಲವೆಂದು ಪ್ರತಿಜ್ಞೆ ಮಾಡಿದ್ದಾನೆ. ದೇಶಕ್ಕಾಗಿ ಕಣ್ಣಿನಿಂದ ಮಾತ್ರ ಓದುತ್ತಾನೆ.

ಕ್ಯಾಪ್ಟನ್ ಶಿವಯೋಗೆಪ್ಪನನ್ನು ಅಡಿಯಿಂದ ಮುಡಿಯ ತನಕ ನೋಡಿದ. ಆಮೇಲೆ ಟೊಪ್ಪಿಗೆ ತೆಗೆದು ಅವನ ಕೈ ಕುಲುಕಿದ. ಪೆಟ್ಟಿಗೆ ಯುದ್ಧಕ್ಕೆ ಮುಂಚಿನ ಮಾಲೆಂದು ತೀರ್ಮಾನಿಸಿ ಲಾಡಲೇಸಾಬನನ್ನು ಬಿಡಿಸಿದ. ಲಾರಿ ಬಂದ ದಾರಿಯಲ್ಲೇ ಹಿಂದಿರುಗಿತು. ಅದರ ಹಿಂದಿನ ಸಾಲಿನಲ್ಲಿ ಕುಳಿತ ಸಿಪಾಯಿಯೊಬ್ಬ, ಮನೆಯಲ್ಲಿ ಮಗಳಿದ್ದವನಿರಬೇಕು, ಒಂದು ಗೊಂಬೆಯನ್ನು ಅಂಗಿಯೊಳಗೆ ಇಟ್ಟುಕೊಂಡಿದ್ದ. ಲಾಡಲೇಸಾಬ ಕಂಡೂ ಕಾಣದಂತಿದ್ದ.

ಪ್ರತಿಜ್ಞೆಯ ಸುದ್ದಿ ಶಿವಯೋಗೆಪ್ಪನಿಗಿಂತ ಮೊದಲು ತಿಕೋಟಾ ಮುಟ್ಟಿತು. ಅವನಿಗೆ ಹೇಳುವುದು ಏನೂ ಉಳಿದಿರಲಿಲ್ಲ. ಯಾರಾದರೂ ಜಪಾನಿ ಎಂದರೆ ಬುಡ್ಡೇಸಾಬನೇ ಅಡ್ಡ ಬಂದು, "ಅವರನ್ನ ಕೇಳಬ್ಯಾಡ್ರಿ, ಆಣೆ ಮಾಡ್ಯಾರ" ಎನ್ನುತ್ತಿದ್ದ. ಹೀಗೆ ಒಂದು ವರ್ಷ ಶಿವಯೋಗೆಪ್ಪ ಜಪಾನಿ ಮಾತಾಡದೆಯೇ ಊರಿನ ಜಪಾನಿ ಪಂಡಿತನಾಗಿ ಸುಖವಾಗಿದ್ದ.

ಆಮೇಲೆ ಯುದ್ಧ ಮುಗಿಯಿತು. ಜಪಾನಿನವರು ಸೋತರೆಂಬ ಸುದ್ದಿ ಹೊತ್ತ ಪತ್ರಿಕೆ ಬಂದ ದಿನ ಚಹಾದಂಗಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಶಿವಯೋಗೆಪ್ಪ ಸುದ್ದಿಯನ್ನು ಕೊನೆಯ ತನಕ ಓದಿ ಮುಗಿಸಿದ. ಯಾರೂ ಏಳಲಿಲ್ಲ. ಬುಡ್ಡೇಸಾಬ ಅವನ ಮುಂದೆ ದುಡ್ಡಿಲ್ಲದ ಚಹಾ ಇಟ್ಟು, ಎದುರಿಗೆ ಕುಳಿತು, ಪ್ರೀತಿಯಿಂದ ಹೇಳಿದ:

"ಆಣೆ ಮುಗೀತಲ್ಲ. ಇನ್ನ ಬಾಯಿ ಬಿಚ್ಚು."

ಶಿವಯೋಗೆಪ್ಪ ಚಹಾವನ್ನು ಕೊನೆಯ ಹನಿಯ ತನಕ ಕುಡಿದ. ಆಮೇಲೆ ಎದ್ದು ನಿಂತು, ರುಮಾಲು ಸರಿಪಡಿಸಿಕೊಂಡು, ಬಹಳ ಗಂಭೀರವಾಗಿ, "ಅವರು ಗೆದ್ದಾಗ ಆಡಿದ್ರ ಅದೊಂದು ಮಾತು. ಈಗ ಅವರು ಸೋತಾರ. ಸೋತವರ ಮಾತನ್ನ ಚಹಾದಂಗಡ್ಯಾಗ ಕುಂತು ಆಡೂದು ನನಗ ಸರಿ ಕಾಣೂದಿಲ್ಲ" ಎಂದ.

ಹಿರಿಯರೊಬ್ಬರು ಕಣ್ಣೊರೆಸಿಕೊಂಡರು. ಬುಡ್ಡೇಸಾಬ, "ದೊಡ್ಡ ಮನಸು" ಎಂದ. ಜನ ಎರಡು ಕಡೆ ಸರಿದು ಅವನಿಗೆ ದಾರಿ ಬಿಟ್ಟರು.

ಮನೆಯಲ್ಲಿ ಗುರುಬಸವ್ವ ರೊಟ್ಟಿ ಬಡಿದು ಮುಗಿಸಿದ್ದಳು. ಚಹಾದಂಗಡಿಯ ಮಾತು ಹಿತ್ತಲಿನ ದಾರಿಯಿಂದ ಆಗಲೇ ಅವಳಿಗೆ ಮುಟ್ಟಿತ್ತು. ಗಂಡ ಕಾಲು ತೊಳೆದು ಮಣೆಯ ಮೇಲೆ ಕುಳಿತ. ಅವಳು ಗಂಗಾಳ ಕೈಯಲ್ಲಿ ಹಿಡಿದು ನಿಂತೇ ಕೇಳಿದಳು:

"ಊಟಕ್ಕ ಅವರು ಏನಂತಾರ? ಇಲ್ಲೆ ಯಾರೂ ಇಲ್ಲ, ನನಗರ ಹೇಳ್ರಿ."

ಶಿವಯೋಗೆಪ್ಪ ಒಲೆಯ ಕಡೆ ನೋಡಿದ, ಜಂತಿಯ ಕಡೆ ನೋಡಿದ. ಕೊನೆಗೆ ಹೆಂಡತಿಯ ಮುಖ ನೋಡಿ ತಲೆ ತಗ್ಗಿಸಿದ.

"ಹಂಗಾರ ಕನ್ನಡದಾಗ ಉಣ್ರಿ" ಎಂದು ಗುರುಬಸವ್ವ ಗಂಗಾಳವನ್ನು ಅವನ ಮುಂದಿಟ್ಟಳು.